ಗ್ಲಾಕೋಮಾ ಡ್ರಾಪ್ಸ್ ಹಾಕಿದರೆ ಕಣ್ಣಿನ ರಕ್ತದ ಹರಿವು ಏನಾಗುತ್ತದೆ?

ಗ್ಲಾಕೋಮಾ ಅಂದರೆ ಆಪ್ಟಿಕ್ ನರ (ಕಣ್ಣಿನಿಂದ ಮಿದುಳಿಗೆ ಹೋಗುವ ನರ) ಹಾಳಾಗುತ್ತಾ ಹೋಗುವ ಕಾಯಿಲೆ. ಅದಕ್ಕೆ ಡ್ರಾಪ್ಸ್ ಕೊಡುವುದು ಕಣ್ಣಿನೊಳಗಿನ ಒತ್ತಡ ಇಳಿಸಲು. ಇಷ್ಟು ಎಲ್ಲರೂ ಬರೆಯುತ್ತಾರೆ. ಆಪ್ಟಿಕ್ ನರಕ್ಕೆ ಹೋಗುವ ರಕ್ತಕ್ಕೆ ಅವು ಏನು ಮಾಡುತ್ತವೆ ಅಂತ ಕೇಳಿದಾಗ ಗೊಂದಲ ಶುರು.

ಮೊದಲು ಒಂದು ಲೆಕ್ಕ. ಸರಾಸರಿ ಬಿಪಿಯ ಮೂರರಲ್ಲಿ ಎರಡು ಪಾಲು ತಗೊಳ್ಳಿ, ಅದರಿಂದ ಕಣ್ಣಿನ ಒತ್ತಡ ಕಳೆಯಿರಿ. ಕಣ್ಣಿಗೆ ರಕ್ತ ತಳ್ಳುವ ಒತ್ತಡ ಅದೇ. ಬಿಪಿ 120/80 ಇದ್ದರೆ ಸರಾಸರಿ ಸುಮಾರು 93 (ಕೆಳಗಿನ ಅಂಕಿಗೆ ಎರಡರ ವ್ಯತ್ಯಾಸದ ಮೂರನೇ ಒಂದು ಪಾಲು ಕೂಡಿಸಿದ್ದು), ಅದರ ಮೂರರಲ್ಲಿ ಎರಡು ಪಾಲು 62. ಕಣ್ಣಿನ ಒತ್ತಡ 24 ಇದ್ದಾಗ ಉಳಿಯುವುದು 38. ಡ್ರಾಪ್ಸ್‌ನಿಂದ ಅದು 16ಕ್ಕೆ ಇಳಿದರೆ 46. ಒಳ್ಳೆಯದೇ ಆಯ್ತು ಅಲ್ವಾ? ಈಗ ಬಿಪಿ 100/60ಕ್ಕೆ ಬಿದ್ದಿತು ಅಂದುಕೊಳ್ಳಿ. ಕಣ್ಣಿನ ಒತ್ತಡ 16ರಲ್ಲೇ ಇದ್ದರೂ ಉಳಿಯುವುದು ಬರೀ 33. ಡ್ರಾಪ್ಸ್ ಹಾಕುವ ಮುಂಚಿಗಿಂತಲೂ ಕಡಿಮೆ! (ಇದು ಕೂತಿರುವವರ ಲೆಕ್ಕ. ಮಲಗಿದಾಗ ಕಣ್ಣು ಹೃದಯದ ಮಟ್ಟಕ್ಕೆ ಬರುವುದರಿಂದ ಸೂತ್ರ ಬದಲಾಗುತ್ತದೆ.)

ಹಾಗಂತ ತಳ್ಳುವ ಒತ್ತಡ ಏರಿದಷ್ಟೂ ಹರಿವು ಏರುತ್ತದೆ ಅಂತಲ್ಲ. ಚೆನ್ನಾಗಿರುವ ಕಣ್ಣಿನಲ್ಲಿ ರಕ್ತನಾಳಗಳು ತಾವಾಗಿಯೇ ಹಿಗ್ಗಿ ಕುಗ್ಗಿ ಹರಿವನ್ನು ಹೆಚ್ಚುಕಡಿಮೆ ಒಂದೇ ಸಮ ಇಡುತ್ತವೆ. ಗ್ಲಾಕೋಮಾ ಇರುವ ಹಲವರಲ್ಲಿ ಈ ಹೊಂದಾಣಿಕೆ ಕೈಕೊಡುತ್ತದೆ. ಬಿಪಿಯ ಏರಿಳಿತ ಹೆಚ್ಚು ತಟ್ಟುವುದು ಅಂಥವರಿಗೇ.

ಟಿಮೊಲಾಲ್ ಎಂಬ ಡ್ರಾಪ್ಸ್‌ನ ಕಥೆ ಇಲ್ಲಿ ಮುಖ್ಯ. ಅದು ಕಣ್ಣಿನೊಳಗೆ ದ್ರವ ಹುಟ್ಟುವುದನ್ನು ತಗ್ಗಿಸುತ್ತದೆ. ರಾತ್ರಿ ನಿದ್ದೆಯಲ್ಲಿ ಆ ದ್ರವ ಹೇಗೂ ಹಗಲಿನ ಅರ್ಧದಷ್ಟೇ ಹುಟ್ಟುವುದು, ಹಾಗಾಗಿ ಆಗ ಔಷಧಿಗೆ ಹೆಚ್ಚು ಕೆಲಸವಿಲ್ಲ. ಆದರೆ ಕಣ್ಣೀರಿನ ನಾಳದಿಂದ ಮೂಗಿಗೆ ಇಳಿದು ರಕ್ತ ಸೇರಿದ ಔಷಧಿ ಹೃದಯದ ಬಡಿತ ನಿಧಾನ ಮಾಡುತ್ತದೆ, ಕೆಲವರಲ್ಲಿ ಬಿಪಿಯನ್ನೂ ಇಳಿಸುತ್ತದೆ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಲು ಹೇಳುವುದು ಸುಮ್ನೆ ಅಲ್ಲ.

ಲ್ಯಾಟಾನೊಪ್ರೊಸ್ಟ್ ಎಂಬ ಇನ್ನೊಂದು ಡ್ರಾಪ್ಸ್ ಆ ದ್ರವ ಹೊರಹೋಗುವ ದಾರಿಯನ್ನು ಸಲೀಸು ಮಾಡುತ್ತದೆ, ರಾತ್ರಿಯೂ ಕೆಲಸ ಮಾಡುತ್ತದೆ. ಅದರಿಂದ ಕಣ್ಣು ಕೆಂಪಾದರೆ ಒಳಗಿನ ನರಕ್ಕೂ ರಕ್ತ ಜಾಸ್ತಿ ಬಂತು ಅಂತ ತಿಳಿಯಬೇಡಿ. ಹಿಗ್ಗಿರುವುದು ಬಿಳಿಭಾಗದ ಮೇಲಿನ ಪೊರೆಯ ನಾಳಗಳು.

ಇನ್ನು ಡಾರ್ಜೊಲಮೈಡ್ ಡ್ರಾಪ್ಸ್. ಇದು ಇಂಗಾಲದ ಡೈಆಕ್ಸೈಡನ್ನು ಬೇರೆ ರೂಪಕ್ಕೆ ತಿರುಗಿಸುವ ಕಾರ್ಬಾನಿಕ್ ಆನ್‌ಹೈಡ್ರೇಸ್ ಕಿಣ್ವವನ್ನು ತಡೆಯುತ್ತದೆ. ಅದರಿಂದ ಅಂಗಾಂಶದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ನಾಳಗಳು ಹಿಗ್ಗುತ್ತವೆ ಎನ್ನುವುದು ವಾದ. ಹಲವು ಅಧ್ಯಯನಗಳಲ್ಲಿ ರಕ್ತದ ವೇಗ ಹೆಚ್ಚಿದ್ದು ಕಂಡಿದೆ ಕೂಡ. ಆದರೆ ಅಂಥ ಅಧ್ಯಯನಗಳಲ್ಲಿ ಬಳಸುವ ಕಲರ್ ಡಾಪ್ಲರ್ (ಒಂದು ಬಗೆಯ ಅಲ್ಟ್ರಾಸೌಂಡ್) ಅಳೆಯುವುದು ವೇಗವನ್ನು, ಹರಿವನ್ನಲ್ಲ. ಪೈಪಿನ ಬಾಯಿಗೆ ಬೆರಳು ಒತ್ತಿದರೆ ನೀರು ಜೋರಾಗಿ ಚಿಮ್ಮುತ್ತದೆ, ಬಕೆಟ್ ಬೇಗ ತುಂಬುವುದಿಲ್ಲ. ನಾಳದ ಅಗಲ ತಿಳಿಯದೆ ಹರಿವು ಹೆಚ್ಚಿತು ಅನ್ನಲಾಗದು. ಹೆಚ್ಚಿದರೂ, ಒತ್ತಡ ಇಳಿಸುವುದನ್ನು ಬಿಟ್ಟು ಬರೀ ಅದರಿಂದಲೇ ದೃಷ್ಟಿ ಉಳಿಯುತ್ತದೆ ಎಂಬುದು ಇನ್ನೂ ಸಾಬೀತಾಗಿಲ್ಲ.