ಏಳು ಬಣ್ಣಗಳ ಕಟ್ಟುಪಾಡು: ‘ಡಿಕ್ ಟ್ರೇಸಿ’ ಚಿತ್ರದ ಕಲಾ ನಿರ್ದೇಶನ

ಕಾಮಿಕ್ಸ್ ಒಂದನ್ನು ಸಿನಿಮಾ ಮಾಡಹೊರಟವರು ಸಾಮಾನ್ಯವಾಗಿ ಅದರ ಕಥೆಯನ್ನೂ ಪಾತ್ರಗಳನ್ನೂ ಎತ್ತಿಕೊಂಡು, ಅದು ಅಚ್ಚಾದ ರೀತಿಯನ್ನು ಮುದ್ರಣಾಲಯದಲ್ಲಿಯೇ ಬಿಟ್ಟು ಬರುತ್ತಾರೆ. 1990ರ ಜೂನ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಡಿಕ್ ಟ್ರೇಸಿ’ ಈ ವಿಷಯದಲ್ಲಿ ತಿರುಗುಮುರುಗು. ವಾರನ್ ಬೀಟಿ ನಿರ್ಮಿಸಿ, ನಿರ್ದೇಶಿಸಿ, ನಾಯಕನಾಗಿಯೂ ನಟಿಸಿದ ಈ ಚಿತ್ರದ ಕಥೆ ತೀರ ಸಾಧಾರಣವಾದದ್ದು; ಟ್ರೇಸಿ ಎಂಬ ಒಬ್ಬ ಪ್ರಾಮಾಣಿಕ ಪತ್ತೇದಾರ, ಊರನ್ನು ನುಂಗಲು ಹೊರಟ ಒಬ್ಬ ಪುಂಡರ ನಾಯಕ, ಇಬ್ಬರು ಹೆಂಗಸರು, ಒಬ್ಬ ಅನಾಥ ಹುಡುಗ. ಆದರೆ ಭಾನುವಾರದ ಪತ್ರಿಕೆಯ ಬಣ್ಣದ ಪುಟವೊಂದು ಎದ್ದು ನಡೆದಾಡಿದರೆ ಹೇಗಿರುತ್ತದೆ ಎಂಬ ಪ್ರಶ್ನೆಯನ್ನು ಅಷ್ಟು ಹಟದಿಂದ ಹಿಡಿದು ಕೂತ ದೊಡ್ಡ ಬಂಡವಾಳದ ಚಿತ್ರ ಅದಕ್ಕೂ ಮುಂಚೆ ನನಗೆ ತಿಳಿದಂತೆ ಇರಲಿಲ್ಲ. ಕಲಾ ನಿರ್ದೇಶನವನ್ನೇ ಕಸುಬಾಗಿಸಿಕೊಂಡ ನನಗೆ ಈ ಚಿತ್ರ ಮುಖ್ಯವೆನಿಸುವುದು ಆ ಹಟದ ಹಿಂದೆ ಇದ್ದ ಕೆಲಸದ ಏರ್ಪಾಡಿಗಾಗಿ.

ಮೂಲ ಕಾಮಿಕ್ಸ್ ಬಗ್ಗೆ ಸ್ವಲ್ಪ ಹೇಳಬೇಕು. ಚೆಸ್ಟರ್ ಗೌಲ್ಡ್ ಎಂಬ ವ್ಯಂಗ್ಯಚಿತ್ರಕಾರ ಇದನ್ನು ಶುರುಮಾಡಿದ್ದು 1931ರ ಅಕ್ಟೋಬರ್ 4ರಂದು, ‘ಡೆಟ್ರಾಯಿಟ್ ಮಿರರ್’ ಪತ್ರಿಕೆಯಲ್ಲಿ. ಪಾನನಿಷೇಧದ ಕಾಲದ ಷಿಕಾಗೊ ನಗರದಲ್ಲಿ ಅಲ್ ಕಪೋನ್‌ನಂಥವರು ಮೆರೆಯುತ್ತಿದ್ದ ದಿನಗಳವು. ಗೌಲ್ಡ್ 1977ರ ಕೊನೆಯವರೆಗೂ, ಅಂದರೆ 46 ವರ್ಷ, ಇದನ್ನು ಬರೆದರು. ಅವರ ಗೆರೆಯಲ್ಲಿ ಅಳುಕಿಲ್ಲ, ಕಪ್ಪು ಎಂದರೆ ಗಟ್ಟಿ ಕಪ್ಪು. ಖಳರ ದುರ್ಗುಣವೆಲ್ಲ ಮುಖದ ಮೇಲೆಯೇ ಕೆತ್ತಿದಂತಿರುತ್ತದೆ. ಫ್ಲಾಟ್‌ಟಾಪ್‌ನ ತಲೆ ಮೇಜಿನಂತೆ ಚಪ್ಪಟೆ, ಪ್ರೂನ್‌ಫೇಸ್‌ನ ಚರ್ಮ ಒಣಗಿದ ಹಣ್ಣಿನಂತೆ ಸುಕ್ಕು. ವಾರದ ದಿನಗಳಲ್ಲಿ ಕಪ್ಪು ಬಿಳುಪಿನಲ್ಲಿ ಬರುತ್ತಿದ್ದ ಕಥೆ ಭಾನುವಾರ ಮಾತ್ರ ಬಣ್ಣ ತೊಡುತ್ತಿತ್ತು. ಅಗ್ಗದ ನ್ಯೂಸ್‌ಪ್ರಿಂಟ್ ಕಾಗದದ ಮೇಲೆ ನಾಲ್ಕೇ ಶಾಯಿಗಳಲ್ಲಿ ಅಚ್ಚಾಗುತ್ತಿದ್ದ ಆ ಪುಟದಲ್ಲಿ ನಯವಾದ ಛಾಯೆಗಳಿಗೆ ಜಾಗವಿರಲಿಲ್ಲ. ಕೋಟು ಹಳದಿ ಎಂದರೆ ಅಂಚಿನಿಂದ ಅಂಚಿಗೆ ಒಂದೇ ಹಳದಿ.

ಬೀಟಿಯವರ ತಂಡ ಆ ಬಡತನವನ್ನೇ ನಿಯಮವಾಗಿ ತೆಗೆದುಕೊಂಡಿತು. ಕಲಾ ವಿನ್ಯಾಸಕ ರಿಚರ್ಡ್ ಸಿಲ್ಬರ್ಟ್, ಛಾಯಾಗ್ರಾಹಕ ವಿತ್ತೋರಿಯೊ ಸ್ತೊರಾರೊ, ವಸ್ತ್ರವಿನ್ಯಾಸಕಿ ಮಿಲೆನಾ ಕಾನೊನೆರೊ, ಈ ಮೂವರೂ ಅಷ್ಟು ಹೊತ್ತಿಗಾಗಲೇ ಆಸ್ಕರ್ ಪಡೆದವರು. ತಮ್ಮದೇ ಅಭಿರುಚಿಯನ್ನು ಮೆರೆಸುವ ಹಕ್ಕು ಮೂವರಿಗೂ ಇತ್ತು. ಆದರೂ ಇಡೀ ಚಿತ್ರಕ್ಕೆ ಏಳೇ ಬಣ್ಣಗಳು, ಅವುಗಳಲ್ಲಿಯೂ ಕೆಂಪು, ಹಸಿರು, ನೀಲಿ, ಹಳದಿಗಳದೇ ದರ್ಬಾರು, ಒಂದೊಂದು ಬಣ್ಣಕ್ಕೂ ಒಂದೇ ಛಾಯೆ ಎಂಬ ಕಟ್ಟುಪಾಡಿಗೆ ಎಲ್ಲರೂ ಒಳಪಟ್ಟರು.

ಕೇಳಲು ಇದು ಸುಲಭವೆನಿಸಬಹುದು. ಹೊರಗಿನವರು ಬಣ್ಣ ಕಡಿಮೆಯಾದರೆ ಖರ್ಚೂ ಕಡಿಮೆಯಾಗುತ್ತದೆ ಎಂದುಕೊಳ್ಳುತ್ತಾರೆ; ನಿರ್ಮಾಪಕರೂ ಎಷ್ಟೋ ಸಲ ಹಾಗೆಯೇ ಭಾವಿಸುತ್ತಾರೆ. ನಿಜ ಸಂಗತಿ ಬೇರೆ. ಉಣ್ಣೆಯ ಕೋಟಿಗೆ ಹಾಕಿದ ಕೆಂಪು, ಪ್ಲೈವುಡ್ ಗೋಡೆಗೆ ಬಳಿದ ಕೆಂಪು, ಕಾರಿನ ತಗಡಿಗೆ ಹೊಡೆದ ಕೆಂಪು, ಈ ಮೂರೂ ಒಂದೇ ಮಾದರಿಚೂರಿಗೆ ಹೊಂದಿಸಿ ತಯಾರಾಗಿದ್ದರೂ ಕ್ಯಾಮೆರಾದ ಮುಂದೆ ಮೂರು ಬಗೆಯಾಗಿ ಕಾಣುತ್ತವೆ. ಉಣ್ಣೆ ಬೆಳಕನ್ನು ಕುಡಿಯುತ್ತದೆ, ತಗಡು ಅದನ್ನು ವಾಪಸು ಎಸೆಯುತ್ತದೆ, ಗೋಡೆ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಹಳದಿ ಬೆಳಕಿನ ಟಂಗ್‌ಸ್ಟನ್ ದೀಪದ ಕೆಳಗೆ ನೀಲಿ ಮಂಕಾಗುತ್ತದೆ. ದೀಪದ ಮುಂದೆ ಹಸಿರು ಜೆಲ್, ಅಂದರೆ ಬಣ್ಣದ ಪಾರದರ್ಶಕ ಹಾಳೆ, ಕಟ್ಟಿದರೆ ಕೆಂಪು ಕಪ್ಪಾಗುತ್ತದೆ. ಫಿಲ್ಮಿನ ಕಾಲದಲ್ಲಿ ಇದೆಲ್ಲವನ್ನೂ ತೊಳೆದು ಬಂದ ಪರೀಕ್ಷಾ ರೀಲುಗಳಲ್ಲಿ ನೋಡಿಯೇ ತೀರ್ಮಾನಿಸಬೇಕಿತ್ತು. ತೆರೆಯ ಮೇಲೆ ಒಂದೇ ಕೆಂಪು ಕಾಣಬೇಕೆಂದರೆ ಡಬ್ಬಿಯಲ್ಲಿ ಹಲವು ಕೆಂಪುಗಳನ್ನು ಕಲಸಬೇಕು.

ಅದಕ್ಕೂ ಮುಖ್ಯವಾದದ್ದೆಂದರೆ ಬಣ್ಣ, ಬಟ್ಟೆ, ಬೆಳಕಿನ ವಿಭಾಗಗಳು ಚಿತ್ರೀಕರಣಕ್ಕೆ ಎಷ್ಟೋ ಮೊದಲೇ ಒಂದೇ ಮೇಜಿನ ಸುತ್ತ ಕೂರಬೇಕು. ನಮ್ಮಲ್ಲಿ ಇಂದಿಗೂ ಕಲಾ ವಿಭಾಗ ಗೋಡೆಗೆ ಬಣ್ಣ ಹೊಡೆಸುತ್ತಿರುವಾಗ ವಸ್ತ್ರವಿನ್ಯಾಸದವರು ಚಿಕ್ಕಪೇಟೆಯಲ್ಲಿ ಸೀರೆ ಆರಿಸುತ್ತಿರುತ್ತಾರೆ; ಗೋಡೆಯೂ ಸೀರೆಯೂ ಮೊದಲ ಸಲ ಮುಖಾಮುಖಿಯಾಗುವುದು ಶೂಟಿಂಗ್ ದಿನದ ಬೆಳಗ್ಗೆ. ನಾಯಕಿ ಗೋಡೆಯೊಳಗೆ ಕರಗಿಹೋದಾಗ ಕ್ಯಾಮೆರಾಮನ್ ನಮ್ಮತ್ತ ನೋಡುವ ನೋಟವನ್ನು ಈ ಕಸುಬಿನವರು ಯಾರೂ ಮರೆಯಲಾರರು.

ಕಟ್ಟುಪಾಡು ಬಣ್ಣಕ್ಕಷ್ಟೇ ನಿಲ್ಲಲಿಲ್ಲ. ಚಿತ್ರದ ಊರಿಗೆ ಹೆಸರಿಲ್ಲ, ಅಂಗಡಿಯ ಡಬ್ಬಿಗಳ ಮೇಲೆ ಕಂಪನಿಯ ಮುದ್ರೆಯಿಲ್ಲ. ಪತ್ರಿಕೆಯ ಎರಡಂಗುಲ ಚೌಕದಲ್ಲಿ ಡಬ್ಬಿ ಡಬ್ಬಿಯೆಂದು ಗೊತ್ತಾದರೆ ಸಾಕಷ್ಟೆ. ಅದರಾಚೆಯ ವಿವರವೆಲ್ಲ ಗದ್ದಲ. ಹೆಚ್ಚುಕಡಿಮೆ 1930ರ ದಶಕ ಎನ್ನುವ ಈ ಊರಿನಲ್ಲಿ 1940ರ ದಶಕದಲ್ಲಿ ಹುಟ್ಟಿದ ಫ್ಲಾಟ್‌ಟಾಪ್, ಮಂಬಲ್ಸ್ ಮೊದಲಾದ ಖಳರು ಓಡಾಡುತ್ತಿದ್ದರೂ ಯಾರಿಗೂ ಅಭಾಸವೆನಿಸುವುದಿಲ್ಲ, ಏಕೆಂದರೆ ಇದು ಚರಿತ್ರೆಯ ಊರಲ್ಲ.

ಟ್ರೇಸಿಯ ಹಳದಿ ಕೋಟು ಈ ಏರ್ಪಾಡಿನ ಜಾಣತನದ ಭಾಗ. ರಾತ್ರಿಯ ನೀಲಿ ಬೀದಿಯಲ್ಲಿ ಹಳದಿಗಿಂತ ಬೇಗ ಕಣ್ಣಿಗೆ ಬೀಳುವ ಬಣ್ಣ ಇನ್ನೊಂದಿಲ್ಲ. ನಾಯಕ ಚೌಕಟ್ಟಿನ ಯಾವ ಮೂಲೆಯಲ್ಲಿ ನಿಂತರೂ ನೋಡುಗ ಅವನನ್ನು ಹುಡುಕಬೇಕಾಗಿಲ್ಲ. ಮಡೊನ್ನಾ ನಟಿಸಿದ ಕ್ಲಬ್ ಗಾಯಕಿ ಬ್ರೆತ್‌ಲೆಸ್ ಮಹೋನಿ ಇದಕ್ಕೆ ವಿರುದ್ಧ. ಎಲ್ಲರೂ ಬಣ್ಣದಲ್ಲಿ ಮುಳುಗಿರುವ ಊರಿನಲ್ಲಿ ಅವಳು ಬಹುಪಾಲು ಕಪ್ಪು, ಬಿಳಿ, ಬೆಳ್ಳಿಯ ಮಿನುಗುಗಳಲ್ಲಿಯೇ ಇರುತ್ತಾಳೆ. ಮುಖವೇ ಇಲ್ಲದ ‘ದ ಬ್ಲ್ಯಾಂಕ್’ ಎಂಬ ನಿಗೂಢ ಖಳ ಯಾರೆಂಬುದನ್ನು ಕೊನೆಯ ದೃಶ್ಯಕ್ಕೆ ಮೊದಲೇ ಊಹಿಸುವ ಸುಳಿವು ಆ ಉಡುಪಿನಲ್ಲಿಯೇ ಇದೆ.

ಇನ್ನು ಊರಿನ ಕಟ್ಟಡಗಳು. ಬೀದಿಯ ಕೆಳಭಾಗ ಸ್ಟುಡಿಯೊದಲ್ಲಿ ಕಟ್ಟಿದ ಸೆಟ್. ಅದರ ಮೇಲಿನ ಗೋಪುರಗಳು, ದೂರದ ರೈಲು ಹಳಿ, ಬಂದರು, ಆಕಾಶ ಇವೆಲ್ಲ ಬಹುಮಟ್ಟಿಗೆ ಮ್ಯಾಟ್ ಪೇಂಟಿಂಗ್. ಕುಂಚದಿಂದ ಬರೆದ ಚಿತ್ರದಲ್ಲಿ ನಟರಿಗಾಗಿ ಖಾಲಿ ಜಾಗ ಬಿಟ್ಟು, ಸೆಟ್‌ನಲ್ಲಿ ಚಿತ್ರೀಕರಿಸಿದ ತುಣುಕನ್ನು ಆ ಖಾಲಿಯೊಳಗೆ ಕೂರಿಸುವ ಹಳೆಯ ವಿದ್ಯೆ ಅದು. ಹ್ಯಾರಿಸನ್ ಎಲನ್‌ಶಾ ಮತ್ತು ಮೈಕೆಲ್ ಲಾಯ್ಡ್ ಅವರ ಉಸ್ತುವಾರಿಯಲ್ಲಿ ಐವತ್ತಕ್ಕೂ ಹೆಚ್ಚು ಇಂಥ ಚಿತ್ರಗಳು ತಯಾರಾದವು. ಕ್ಯಾಮೆರಾ ಅಲುಗಿದರೆ ಬರೆದ ಗೋಪುರದ ಪರ್ಸ್‌ಪೆಕ್ಟಿವ್ ಕೂಡಲೇ ಸುಳ್ಳಾಗುತ್ತದೆ, ಹಾಗಾಗಿ ಮ್ಯಾಟ್ ಶಾಟ್ ಎಂದರೆ ಕ್ಯಾಮೆರಾವನ್ನು ಬಿಗಿದು ನಿಲ್ಲಿಸುವುದು ವಾಡಿಕೆ. ಕಾಮಿಕ್ಸ್‌ನ ಚೌಕವೂ ಅಲುಗುವುದಿಲ್ಲ. ಬೀಟಿ ಮತ್ತು ಸ್ತೊರಾರೊ ಸಾಧ್ಯವಾದಷ್ಟೂ ಕ್ಯಾಮೆರಾ ಚಲಿಸಬಾರದೆಂದು ತೀರ್ಮಾನಿಸಿದಾಗ ತಂತ್ರದ ಮಿತಿಯೂ ಶೈಲಿಯ ಅಗತ್ಯವೂ ಒಂದೇ ಬಿಂದುವಿನಲ್ಲಿ ಸೇರಿದವು. ಮರುವರ್ಷವೇ ಹಾಲಿವುಡ್‌ನಲ್ಲಿ ಕಂಪ್ಯೂಟರ್ ಚಿತ್ರಗಳ ಭರಾಟೆ ಜೋರಾಯಿತು. ಇಷ್ಟು ದೊಡ್ಡ ಪ್ರಮಾಣದಲ್ಲಿ ಕುಂಚ ಹಿಡಿದು ಊರು ಕಟ್ಟಿದ ಕೊನೆಯ ಕೆಲವು ಚಿತ್ರಗಳಲ್ಲಿ ಇದೂ ಒಂದು.

ಮೇಕಪ್ ಬಗ್ಗೆ ನನ್ನ ಮೆಚ್ಚುಗೆ ಅಷ್ಟು ನಿಸ್ಸಂಶಯವಾದುದಲ್ಲ. ಜಾನ್ ಕಾಲ್ಯೋನಿ ಜೂನಿಯರ್ ಮತ್ತು ಡಗ್ ಡ್ರೆಕ್ಸ್ಲರ್ ಗೌಲ್ಡ್ ಬರೆದ ಮುಖಗಳನ್ನು ನಟರ ಮುಖದ ಮೇಲೆ ಅಂಟಿಸಿದ ಕೌಶಲ ದೊಡ್ಡದು, ಅದಕ್ಕೆ ಆಸ್ಕರ್ ಕೂಡ ಬಂತು. ಆದರೆ ಮುಖವನ್ನು ಪೂರ್ತಿ ಮುಚ್ಚಿದ ಕಡೆ ಪಾತ್ರ ಬೊಂಬೆಯಾಗಿಬಿಡುತ್ತದೆ. ಕಣ್ಣು, ಬಾಯಿಗಳನ್ನು ಬಿಟ್ಟುಕೊಟ್ಟ ಕಡೆ ನಟ ಉಳಿದುಕೊಳ್ಳುತ್ತಾನೆ. ವಿಲಿಯಂ ಫೋರ್ಸೈತ್ ಅವರ ಫ್ಲಾಟ್‌ಟಾಪ್ ಹಾಗೂ ಪುಂಡರ ನಾಯಕನಾಗಿ ಅಲ್ ಪಚಿನೊ ಅವರ ಬಿಗ್ ಬಾಯ್ ಕಪ್ರೀಸ್ ಇದಕ್ಕೆ ನಿದರ್ಶನ. ಟ್ರೇಸಿಯ ಮುಖಕ್ಕೆ ಮಾತ್ರ ಏನನ್ನೂ ಅಂಟಿಸಲಿಲ್ಲ. ಕಾಮಿಕ್ಸ್‌ನಲ್ಲಿ ಅವನ ಮೂಗೂ ದವಡೆಯೂ ಸ್ಕೇಲಿಟ್ಟು ಗೆರೆ ಎಳೆದಂತಿವೆ, ಚಿತ್ರದಲ್ಲಿ ಅವನು ಬೀಟಿಯೇ. ತಾರಾಮೌಲ್ಯದ ಲೆಕ್ಕಾಚಾರ ಅರ್ಥವಾಗುತ್ತದೆ, ಆದರೆ ಫಲವಾಗಿ ಖಳರೆಲ್ಲ ಬರೆದ ಪುಟದಿಂದ ಇಳಿದು ಬಂದವರು, ನಾಯಕನೊಬ್ಬ ಮಾತ್ರ ಆ ಪುಟಕ್ಕೆ ಭೇಟಿ ಕೊಟ್ಟವನಂತೆ ಕಾಣುತ್ತಾನೆ. ಅಲುಗದ ಕ್ಯಾಮೆರಾವೂ ಎಲ್ಲೆಡೆ ಹೊಂದುವುದಿಲ್ಲ. ಟ್ರೇಸಿ ಮತ್ತು ಅವನ ಪ್ರೇಯಸಿ ಟೆಸ್ ನಡುವಿನ ಮಾತುಕತೆಗಳು ಅಂದವಾದ ಚೌಕಟ್ಟುಗಳಲ್ಲಿ ಕೂತು ತಣ್ಣಗಾಗಿವೆ.

ಡಿಸ್ನಿ ಸಂಸ್ಥೆಯ ಟಚ್‌ಸ್ಟೋನ್ ವಿಭಾಗ ಚಿತ್ರೀಕರಣಕ್ಕೆ ಸುಮಾರು 4.6 ಕೋಟಿ ಡಾಲರ್ ಹೂಡಿತ್ತು. ಪ್ರಚಾರವೂ ಸೇರಿ ಖರ್ಚು 10 ಕೋಟಿಯ ಆಸುಪಾಸಿಗೆ ಹೋಯಿತು. ಜಗತ್ತಿನಾದ್ಯಂತ 16 ಕೋಟಿ ಡಾಲರ್ ದಾಟಿದ ಗಳಿಕೆ ಕಳಪೆಯೇನಲ್ಲ. ಆದರೆ ಹಿಂದಿನ ವರ್ಷ ‘ಬ್ಯಾಟ್‌ಮನ್’ 40 ಕೋಟಿ ಮೀರಿದ್ದರಿಂದ ಎಲ್ಲರೂ ಅದೇ ಅಳತೆಗೋಲು ಹಿಡಿದರು, ಮತ್ತು 1991ರಲ್ಲಿ ಸ್ಟುಡಿಯೊದ ಮುಖ್ಯಸ್ಥ ಜೆಫ್ರಿ ಕ್ಯಾಟ್ಜೆನ್‌ಬರ್ಗ್ ತಮ್ಮವರಿಗೆ ಬರೆದ, ಆಮೇಲೆ ಬಯಲಾದ ಪತ್ರದಲ್ಲಿ ಇಂಥ ಭಾರಿ ಚಿತ್ರಗಳಿಗೆ ಸುರಿಯುವ ಹಣ ಮತ್ತು ಶ್ರಮವನ್ನೇ ಪ್ರಶ್ನಿಸಿದರು. ಚಿತ್ರಕ್ಕೆ ಬಂದ ಮೂರು ಆಸ್ಕರ್‌ಗಳಲ್ಲಿ ಒಂದು ಸ್ಟೀಫನ್ ಸಾಂಡ್‌ಹೈಮ್ ಅವರ ಹಾಡಿಗೆ; ಉಳಿದ ಎರಡು ಕಲಾ ನಿರ್ದೇಶನ ಮತ್ತು ಮೇಕಪ್‌ಗೆ, ಅಂದರೆ ಯಾವುದಕ್ಕೆ ಖರ್ಚು ಅತಿಯಾಯಿತೆಂದು ಮೂಗು ಮುರಿದಿದ್ದರೋ ಅದಕ್ಕೇ.

ಈಗ ಡಿಐ, ಅಂದರೆ ಚಿತ್ರದ ಬಣ್ಣವನ್ನು ಕಂಪ್ಯೂಟರಿನಲ್ಲಿ ತಿದ್ದುವ ಕೋಣೆಯಲ್ಲಿ ಕೂತ ಕಲರಿಸ್ಟ್ ಸೆಟ್ಟಿನ ಎಲ್ಲ ಕೆಂಪುಗಳನ್ನೂ ಮಧ್ಯಾಹ್ನದ ಊಟದೊಳಗೆ ಒಂದೇ ಕೆಂಪು ಮಾಡಿಕೊಡಬಲ್ಲ. ಆದ್ದರಿಂದಲೇ ಬಣ್ಣದ ತೀರ್ಮಾನವನ್ನು ಶೂಟಿಂಗ್ ಮುಗಿಯುವವರೆಗೂ ಮುಂದೂಡುವುದು ರೂಢಿಯಾಗಿದೆ. ಆದರೆ ಹಳದಿ ಕೋಟಿನಿಂದ ಚಿಮ್ಮಿ ನಟನ ಕತ್ತಿನ ಮೇಲೆ ಬೀಳುವ ಬೆಳಕನ್ನು, ಒದ್ದೆ ರಸ್ತೆಯಲ್ಲಿ ಕಾಣುವ ಕೆಂಪು ಕಾರಿನ ಪ್ರತಿಬಿಂಬವನ್ನು ಆಮೇಲೆ ಒಂದೊಂದಾಗಿ ತಿದ್ದುತ್ತ ಹೋದರೆ ಉಳಿದೀತೆಂದುಕೊಂಡ ಹಣ ಅಲ್ಲಿಯೇ ಕರಗುತ್ತದೆ. ಹಾಗಾಗಿ ಕಾಮಿಕ್ಸ್ ಶೈಲಿಯ ಚಿತ್ರ ಬೇಕೆಂದು ಬರುವ ನಿರ್ದೇಶಕರನ್ನು ನಾನು ಮೊದಲು ಕೇಳುವುದು, ಯಾವ ಬಣ್ಣಗಳನ್ನು ಬಿಡಲು ತಯಾರಿದ್ದೀರಿ ಎಂದು.