ಎತ್ತಿಕೊಂಡರೆ ಮಗು ಹಠಮಾರಿ ಆಗುತ್ತಾ?

ಪ್ರಶ್ನೆ: ಮಗುವಿಗೆ ಎರಡು ತಿಂಗಳು. ಅತ್ತ ಕೂಡಲೇ ಎತ್ತಿಕೊಂಡರೆ ಅದೇ ಅಭ್ಯಾಸ ಆಗುತ್ತೆ, ಹಠ ಕಲಿಯುತ್ತೆ ಅಂತಾರೆ. ಸ್ವಲ್ಪ ಹೊತ್ತು ಅಳೋಕೆ ಬಿಡಬೇಕಾ?

ಉತ್ತರ: ಬೇಡ. ಎತ್ತಿಕೊಳ್ಳಿ.

ಇದನ್ನೇ ಬರೆದು ಬರೆದು ನನಗೂ ಸಾಕಾಗಿದೆ. ಆದರೂ ಪ್ರಶ್ನೆ ನಿಲ್ಲುವುದಿಲ್ಲ. ಹೇಳುವವರ ಹತ್ತಿರ ಕಣ್ಣಾರೆ ಕಂಡ ಸಾಕ್ಷಿ ಇರುತ್ತದಲ್ವಾ! ಮುಖ ಕೆಂಪಗಾಗಿ, ಮುಷ್ಟಿ ಬಿಗಿದು ಅಳುವ ಕೂಸನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಹಾಕಿ, ಗಪ್‌ಚುಪ್. ಕಾಲು ನೋವು ಅಂತ ಕೂತಿರೋ, ಮತ್ತೆ ಶುರು. "ನೋಡಿದ್ಯಾ, ಎಷ್ಟು ನಾಟಕ!"

ನಾಟಕ ಅಲ್ಲ. 6 ತಿಂಗಳೊಳಗಿನ ಮಕ್ಕಳ ಬಗ್ಗೆ 2013ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ತಾಯಿ ಎತ್ತಿಕೊಂಡು ನಡೆಯಲು ಶುರು ಮಾಡಿದರೆ ಮಗುವಿನ ಎದೆಬಡಿತವೇ ಬೇಗ ಇಳಿಯುತ್ತಿತ್ತು. ಎತ್ತಿಕೊಂಡು ಸುಮ್ನೆ ಕೂತರೆ ಹಾಗಾಗುತ್ತಿರಲಿಲ್ಲ. ಬೇಕಂತಲೇ ಎದೆಬಡಿತ ಇಳಿಸೋಕೆ ನಮಗೇ ಬರಲ್ಲ, ಇನ್ನು ಎರಡು ತಿಂಗಳ ಕೂಸು! ಹಠಕ್ಕೆ ಲೆಕ್ಕಾಚಾರ ಬೇಕು. ಹಸಿವಾಗಲಿ, ನಿದ್ದೆಯಾಗಲಿ, ಬಟ್ಟೆ ಒದ್ದೆಯಾಗಲಿ, ಹೇಳಿಕೊಳ್ಳೋಕೆ ಅದಕ್ಕಿರುವುದು ಅಳು ಒಂದೇ.

ಎತ್ತಿಕೊಂಡಷ್ಟೂ ಅಳು ಜಾಸ್ತಿ ಅನ್ನುವುದನ್ನು ಕೆನಡಾದಲ್ಲಿ ಹಂಜಿಕರ್ ಮತ್ತು ಬಾರ್ ಎಂಬ ಇಬ್ಬರು ಸಂಶೋಧಕರು ಪರೀಕ್ಷೆಗೇ ಇಟ್ಟರು. 1986ರಲ್ಲಿ ಫಲಿತಾಂಶ ಬಂತು. ಒಂದು ಗುಂಪಿನ ತಾಯಂದಿರಿಗೆ, ಮಗು ಅಳಲಿ ಬಿಡಲಿ, ದಿನಕ್ಕೆ ಕನಿಷ್ಠ 3 ಗಂಟೆ ಎತ್ತಿಕೊಂಡಿರಿ ಎಂದಿದ್ದರು. 6 ವಾರದ ಹೊತ್ತಿಗೆ ಆ ಮಕ್ಕಳ ಅಳು, ಕಿರಿಕಿರಿ ಇನ್ನೊಂದು ಗುಂಪಿಗಿಂತ 43% ಕಡಿಮೆ ಇತ್ತು. ವಿಪರೀತ ಅಳುವ ಮಕ್ಕಳಿಗೆ ಈ ಉಪಾಯ ಅಷ್ಟು ಫಲಿಸಲಿಲ್ಲ, ನಿಜ. ಹಾಗಂತ ಅವರ ಅಳು ಹೆಚ್ಚಲೂ ಇಲ್ಲ.

ಈ ಮೂಢನಂಬಿಕೆಗೆ ವಿಜ್ಞಾನದ ಮುದ್ರೆ ಒತ್ತಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾನ್ ವಾಟ್ಸನ್ ಒಬ್ಬರು. ಮಕ್ಕಳನ್ನು ತಬ್ಬಬೇಡಿ, ತೊಡೆ ಮೇಲೆ ಕೂರಿಸಬೇಡಿ, ಬೆಳಗ್ಗೆ ಕೈ ಕುಲುಕಿ ಅಂತ 1928ರಲ್ಲಿ ಬರೆದರು. ಕೈ ಕುಲುಕಬೇಕಂತೆ! 1950ರ ದಶಕದಲ್ಲಿ ಇನ್ನೊಬ್ಬ ಅಮೆರಿಕನ್ ಮನೋವಿಜ್ಞಾನಿ ಹ್ಯಾರಿ ಹಾರ್ಲೋ ಕೋತಿಮರಿಗಳಿಗೆ ಇಬ್ಬರು ಬೊಂಬೆ ಅಮ್ಮಂದಿರನ್ನು ಕೊಟ್ಟರು. ತಂತಿಯ ಅಮ್ಮನ ಹತ್ತಿರ ಹಾಲು, ಬಟ್ಟೆ ಅಮ್ಮನ ಹತ್ತಿರ ಏನೂ ಇಲ್ಲ. ಮರಿಗಳು ಹಾಲು ಕುಡಿದು ಬಂದು ಬಟ್ಟೆ ಅಮ್ಮನನ್ನೇ ಅಪ್ಪಿಕೊಂಡಿರುತ್ತಿದ್ದವು.

ನಿಮಗೇ ಸುಸ್ತಾಗಿ ಸಿಟ್ಟು ನೆತ್ತಿಗೇರಿದರೆ ಮಾತ್ರ ಮಗುವನ್ನು ಅದರ ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ಐದು ನಿಮಿಷ ಆಚೆ ಹೋಗಿ ಬನ್ನಿ. ಏನೂ ಆಗಲ್ಲ. ಜೋರಾಗಿ ಅಲ್ಲಾಡಿಸುವುದು ಮಾತ್ರ ಎಂದಿಗೂ ಬೇಡ.

ನೀವು ಕೇಳಿಲ್ಲ, ಆದರೆ ಎಂಟನೇ ತಿಂಗಳ ಹೊತ್ತಿಗೆ ಕೇಳೇ ಕೇಳುತ್ತೀರಿ: "ಈಗ ನನ್ನನ್ನು ಬಾತ್‌ರೂಮಿಗೂ ಬಿಡಲ್ಲ, ಇದು ಎತ್ತಿಕೊಂಡಿದ್ದರ ಫಲ ಅಲ್ವಾ?" ಅದೂ ಅಲ್ಲ. ಆಟಿಕೆಯ ಮೇಲೆ ಬಟ್ಟೆ ಮುಚ್ಚಿ ನೋಡಿ. ಐದು ತಿಂಗಳ ಮಗು ಸಾಮಾನ್ಯವಾಗಿ ಬೇರೆ ಕಡೆ ತಿರುಗುತ್ತದೆ. ಒಂಬತ್ತು ತಿಂಗಳದ್ದು ಬಟ್ಟೆ ಎಳೆದು ಹುಡುಕುತ್ತದೆ. ಕಾಣದಿದ್ದರೂ ವಸ್ತು ಅಲ್ಲೇ ಇದೆ ಅನ್ನುವ ಈ ತಿಳಿವನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ ತಮ್ಮ ಮಕ್ಕಳಲ್ಲೇ ಗಮನಿಸಿ ಬರೆದಿಟ್ಟರು. ನಿಮ್ಮ ಮಗುವಿಗೂ ಅಷ್ಟೇ. ಅಮ್ಮ ಬಾಗಿಲ ಆಚೆ ಇದ್ದಾಳೆ ಅಂತ ಈಗ ಗೊತ್ತು, ಯಾವಾಗ ಬರುತ್ತಾಳೆ ಅಂತ ಗೊತ್ತಿಲ್ಲ. ಕದ್ದು ಹೋಗಬೇಡಿ, ಹೇಳಿ ಹೋಗಿ.