ಮೊದಲು ಬಂದ ಸದ್ದಿಗೇ ಸೀಟು

ಹಾಸನದಲ್ಲಿ ನಮ್ಮ ಭಾವ ಹೊಸ ಹೋಮ್ ಥಿಯೇಟರ್ ರಿಸೀವರ್ ಕೊಂಡಿದ್ದರು. ಸಿನಿಮಾದ ಸದ್ದನ್ನು ಕೋಣೆಯ ಸುತ್ತಲಿನ ಸ್ಪೀಕರುಗಳಿಗೆ ಹಂಚೋ ಯಂತ್ರ ಅದು; ಒಂದೊಂದು ಸ್ಪೀಕರಿಗೆ ಹೋಗೋ ಸದ್ದಿನ ದಾರಿಗೆ ಚಾನೆಲ್ ಅಂತ ಹೆಸರು. ನಾನು ಹೋದಾಗ ಪೆಟ್ಟಿಗೆ ಇನ್ನೂ ಹಾಲ್‌ನಲ್ಲೇ ಇತ್ತು. "ನೋಡಯ್ಯ, ಏಳು ಚಾನೆಲ್ಲು, ಒಂದೊಂದಕ್ಕೂ 140 ವ್ಯಾಟು. ಒಟ್ಟು 980!" ಅಂತ ಪೆಟ್ಟಿಗೆ ಮೇಲಿನ ಅಂಕಿಗೆ ಬೆರಳಿಟ್ಟು ತೋರಿಸಿದರು. ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಸ್ವಲ್ಪ ಬೇಜಾರೂ ಆಯಿತು.

ಈ ವ್ಯಾಟ್ ಹುಚ್ಚು ಇವತ್ತಿನದಲ್ಲ. ತೊಂಬತ್ತರ ದಶಕದಲ್ಲಿ ಟೇಪ್ ರೆಕಾರ್ಡರ್ ಕೊಂಡವರಿಗೆ ‘ಪಿಎಂಪಿಒ’ ಅನ್ನೋ ನಾಲ್ಕಕ್ಷರ ನೆನಪಿರಬೇಕು, ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್ ಅಂತ ಅದರ ವಿಸ್ತಾರ. ಈಗಲೂ ಅಗ್ಗದ ಸ್ಪೀಕರ್ ಸೆಟ್ಟುಗಳ ಮೇಲೆ 5000 ವ್ಯಾಟ್ ಪಿಎಂಪಿಒ ಅಂತ ರಾರಾಜಿಸುತ್ತಿರುತ್ತದೆ. ಅಂಥದ್ದು ಕಂಡರೆ ಅದರ ಪ್ಲಗ್ ನೋಡಿ. ಸಣ್ಣ ಪಿನ್ನಿನ 6 ಆಂಪಿಯರ್ ಪ್ಲಗ್ ಇರುತ್ತದೆ. 230 ವೋಲ್ಟನ್ನು 6ರಿಂದ ಗುಣಿಸಿದರೆ 1380 ವ್ಯಾಟ್. ಗೋಡೆಯಿಂದ 1380 ಒಳಗೆ ಹೋಗಿ ಸ್ಪೀಕರಿನಿಂದ 5000 ಹೊರಗೆ ಬರೋ ಹಾಗಿದ್ದರೆ, ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟೋ ಕಷ್ಟವೇ ಇರಲಿಲ್ಲ. ಸಾಲಾಗಿ ಸ್ಪೀಕರ್ ಜೋಡಿಸಿದ್ದರೆ ಸಾಕಿತ್ತು.

ಅಮೆರಿಕದಲ್ಲೂ ಇದೇ ಹಾಡು. ಅಲ್ಲಿ ಕಂಪನಿಗಳು ಬಾಯಿಗೆ ಬಂದ ವ್ಯಾಟ್ ಬರೆಯತೊಡಗಿದಾಗ, 1974ರಲ್ಲಿ ಗ್ರಾಹಕರ ಹಿತ ಕಾಯೋ ಸರಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ನಿಯಮವನ್ನೇ ತಂದಿತು. ಎಷ್ಟು ಓಮ್ (ವಿದ್ಯುತ್ತಿಗೆ ಒಡ್ಡೋ ತಡೆಯ ಅಳತೆ) ಸ್ಪೀಕರಿಗೆ, ಯಾವ ಕಂಪನದಿಂದ ಯಾವ ಕಂಪನದವರೆಗೆ, ಸದ್ದು ಎಷ್ಟು ಕೆಡುತ್ತಾ ಇಷ್ಟು ವ್ಯಾಟ್ ಬರುತ್ತದೆ ಅಂತ ಹೇಳಲೇಬೇಕು ಅಂತ. ಭಾವನ ಮ್ಯಾನ್ಯುಯಲ್‌ನ ಕೊನೆ ಪುಟ ತೆಗೆದೆ. 140ರ ಪಕ್ಕದಲ್ಲಿ ಸಣ್ಣಕ್ಷರ: 6 ಓಮ್, 1 ಕಿಲೋಹರ್ಟ್ಸ್ (ಸೆಕೆಂಡಿಗೆ ಸಾವಿರ ಕಂಪನ), ಶೇಕಡ 10 ಡಿಸ್ಟಾರ್ಷನ್ (ಸದ್ದು ಕೆಡೋ ಪ್ರಮಾಣ), ಒಂದು ಚಾನೆಲ್ ಮಾತ್ರ. ಅಂದರೆ ಉಳಿದ ಆರೂ ಬಾಯಿ ಮುಚ್ಚಿಕೊಂಡಿದ್ದಾಗ, ಒಂದೇ ಒಂದು ಸ್ವರವನ್ನು ಅದು ಒಡೆಯೋವರೆಗೂ ಏರಿಸಿದರೆ 140. ಮೇಲಿನ ಸಾಲಿನಲ್ಲಿ ಅಸಲಿ ಲೆಕ್ಕ: 8 ಓಮ್, 20ರಿಂದ 20,000 ಹರ್ಟ್ಸ್, ಶೇಕಡ 0.08, ಎರಡು ಚಾನೆಲ್, 80 ವ್ಯಾಟ್. ರಿಸೀವರ್ ಕೊಳ್ಳುವಾಗ ಓದಬೇಕಾದ್ದು ಈ ಸಾಲನ್ನು.

ಭಾವ ಪೆಚ್ಚಾದರು. ಆದರೆ ಅವರು ಕಳೆದುಕೊಂಡದ್ದು ಏನೂ ಇಲ್ಲ. ಕತ್ತಲ ಕೋಣೆಗೆ ಮೊದಲ ದೀಪ ತಂದಿಟ್ಟರೆ ಎಷ್ಟು ಬೆಳಕು! ನೂರು ದೀಪದ ಪಕ್ಕ ನೂರ ಒಂದನೆಯದು ಇಟ್ಟರೆ ಯಾರಿಗೂ ಗೊತ್ತಾಗಲ್ಲ. ಕಿವಿಯೂ ಹಾಗೇ. 80 ವ್ಯಾಟಿನಿಂದ 140ಕ್ಕೆ ಹೋದರೆ ಸದ್ದಿನ ಅಳತೆಯಲ್ಲಿ ಹೆಚ್ಚೋದು ಬರೀ 2.4 ಡೆಸಿಬೆಲ್. ಸದ್ದು ಎರಡರಷ್ಟು ಅನ್ನಿಸಬೇಕಾದರೆ ಹೆಚ್ಚುಕಡಿಮೆ ಹತ್ತರಷ್ಟು ವ್ಯಾಟ್ ಬೇಕು. ಮಾಮೂಲಿಯಾಗಿ ಸಿನಿಮಾ ನೋಡುವಾಗ ಒಂದು ಸ್ಪೀಕರ್ ತಿನ್ನೋದು ಒಂದು ವ್ಯಾಟಿನ ಆಸುಪಾಸು. ಉಳಿದದ್ದೆಲ್ಲ ಬಾಂಬು ಸಿಡಿಯೋ ಆ ಒಂದು ಗಳಿಗೆಗೆ.

ವ್ಯಾಟಿನ ಮಾತು ಸಾಕು. ರಿಸೀವರಿನ ನಿಜವಾದ ಕೆಲಸವೇ ಬೇರೆ. ಅದು ಕಾಲದ ಜೊತೆ ಆಡೋ ಯಂತ್ರ. ನನಗೆ ಇದರ ಮೇಲೇ ಪ್ರೀತಿ.

ನಮ್ಮ ಎರಡು ಕಿವಿಗಳ ನಡುವೆ ಸುಮಾರು ಒಂದು ಗೇಣು ದೂರ. ಬಲಗಡೆ ಯಾರೋ ಚಪ್ಪಾಳೆ ತಟ್ಟಿದರೆ ಬಲಗಿವಿಗೆ ಮೊದಲು ಕೇಳುತ್ತದೆ, ಎಡಗಿವಿಗೆ ಸುಮಾರು 0.6 ಮಿಲಿಸೆಕೆಂಡ್ ತಡವಾಗಿ. ಮಿದುಳು ಈ ಅಂತರ ಅಳೆದು ದಿಕ್ಕು ಹೇಳುತ್ತದೆ. ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ವ್ಯತ್ಯಾಸವೂ ಅದಕ್ಕೆ ಗೊತ್ತಾಗುತ್ತದೆ. ದಪ್ಪ ಸ್ವರಗಳಿಗೆ ಹೀಗೆ ಕಾಲದ ಲೆಕ್ಕ, ಕೀರಲು ಸ್ವರಗಳಿಗೆ ತಲೆ ಅಡ್ಡ ಬಂದು ಆಗೋ ‘ನೆರಳಿನ’ ಲೆಕ್ಕ ಅಂತ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲೀ 1907ರಲ್ಲೇ ವಿವರಿಸಿದ್ದರು.

ಇದಕ್ಕಿಂತ ಚೆಂದದ ಸಂಗತಿ ಇನ್ನೊಂದಿದೆ. ಕೋಣೆಯೊಳಗೆ ಒಂದು ಸದ್ದು ಒಂದೇ ಸಲ ಬರಲ್ಲ. ನೇರವಾಗಿ ಒಮ್ಮೆ, ಗೋಡೆಗೆ ಬಡಿದು ಒಮ್ಮೆ, ಸೂರಿಗೆ ಬಡಿದು ಒಮ್ಮೆ, ನೆಲದಿಂದ ಎದ್ದು ಒಮ್ಮೆ. ಹಾಗಿದ್ದರೆ ಅಮ್ಮ ಕರೆದಾಗ ಹತ್ತು ದಿಕ್ಕಿನಿಂದ ಹತ್ತು ಅಮ್ಮಂದಿರು ಕರೆದ ಹಾಗೆ ಯಾಕೆ ಕೇಳಲ್ಲ? ಮಿದುಳಿನ ನಿಯಮ ನಮ್ಮ ಕೆಂಪು ಬಸ್ಸಿನ ನಿಯಮವೇ. ಕಿಟಕಿಯಿಂದ ಮೊದಲು ಟವೆಲ್ ಹಾಕಿದವನಿಗೆ ಸೀಟು. ಆಮೇಲೆ ಬಂದವನು ಎಷ್ಟೇ ದಪ್ಪಗಿರಲಿ, ಎಷ್ಟೇ ಕೂಗಾಡಲಿ, ನಿಂತೇ ಹೋಗಬೇಕು. ಆದರೆ ನಿಂತವನೂ ಬಸ್ಸಿನೊಳಗೇ ಇರುತ್ತಾನೆ, ತೂಕವೂ ಸೇರುತ್ತದೆ. ತಡವಾಗಿ ಬಂದ ಸದ್ದೂ ಹಾಗೇ. ದಿಕ್ಕು ಹೇಳೋ ಅಧಿಕಾರ ಅದಕ್ಕಿಲ್ಲ, ಒಟ್ಟು ಸದ್ದಿಗೆ ತುಂಬು ಕೊಡುತ್ತದೆ, ಅಷ್ಟೇ. ಭಜನೆಯಲ್ಲಿ ಒಬ್ಬ ಸಾಲು ಎತ್ತಿಕೊಟ್ಟು ಉಳಿದವರು ದನಿಗೂಡಿಸಿದ ಹಾಗೆ ಅಂತಲೂ ಅನ್ನಬಹುದು. ಆದರೆ ಬಸ್ಸಿನ ಹೋಲಿಕೆಯೇ ವಾಸಿ, ಯಾಕಂದರೆ ಅದರಲ್ಲಿ ಜಗಳವೂ ಇದೆ. ಹೆಲ್ಮುಟ್ ಹಾಸ್ ಎಂಬ ಜರ್ಮನ್ 1949ರಲ್ಲಿ ಆ ಜಗಳವನ್ನೇ ಅಳೆದರು. 5ರಿಂದ 30 ಮಿಲಿಸೆಕೆಂಡ್ ತಡವಾಗಿ ಬಂದ ಸದ್ದು ಮೊದಲನೆಯದಕ್ಕಿಂತ ಸುಮಾರು 10 ಡೆಸಿಬೆಲ್ ಜೋರಾಗಿದ್ದರೂ ಸೀಟು ಮೊದಲನೆಯದಕ್ಕೇ! ಇನ್ನೂ ತಡವಾದರೆ ಮಾತ್ರ ಅದು ಬೇರೆ ಬಸ್ಸು. ಅದನ್ನು ನಾವು ಪ್ರತಿಧ್ವನಿ ಅನ್ನುತ್ತೇವೆ.

ಈಗ ಭಾವನ ಹಾಲ್‌ಗೆ ಬನ್ನಿ. ಮುಂದಿನ ಸ್ಪೀಕರುಗಳು ಸೋಫಾದಿಂದ 3.2 ಮೀಟರ್ ದೂರ. ಹಿಂದಿನ ಎಡ ಸ್ಪೀಕರ್ 1.2 ಮೀಟರ್, ಕಿವಿ ಪಕ್ಕವೇ ಅನ್ನಿ. ಸದ್ದು ಸೆಕೆಂಡಿಗೆ 343 ಮೀಟರ್ ಓಡುತ್ತದೆ. ಎರಡು ಮೀಟರ್ ವ್ಯತ್ಯಾಸ ಅಂದರೆ ಹತ್ತಿರ ಹತ್ತಿರ 6 ಮಿಲಿಸೆಕೆಂಡ್. ಸುಮ್ನೆ ಹಾಗೇ ಬಿಟ್ಟರೆ ಹಿಂದಿನ ಸ್ಪೀಕರ್ ಪ್ರತಿ ಸಲ ಮೊದಲು ಟವೆಲ್ ಹಾಕುತ್ತದೆ. ಪರದೆ ಮೇಲಿನ ಮಳೆ ಬೆನ್ನ ಹಿಂದೆ ಮಾತ್ರ ಸುರಿಯುತ್ತದೆ. ರಿಸೀವರ್ ಆ ಸ್ಪೀಕರನ್ನು 6 ಮಿಲಿಸೆಕೆಂಡ್ ತಡೆದು ನಿಲ್ಲಿಸುತ್ತದೆ, ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸೋವರೆಗೆ ಮೊದಲನೆಯವನು ಕಾಯೋ ಹಾಗೆ. ಸಿನಿಮಾ ಸದ್ದನ್ನು ಸುತ್ತಲಿಂದ ಕೇಳಿಸುತ್ತಿದ್ದ 1980ರ ದಶಕದ ಡಾಲ್ಬಿ ಸರೌಂಡ್ ವ್ಯವಸ್ಥೆ ಇನ್ನೂ ಕಿಲಾಡಿ. ಅದರಲ್ಲಿ ಮುಂದಿನ ಮಾತು ಹಿಂದಿನ ಸ್ಪೀಕರಿಗೂ ಅಷ್ಟಿಷ್ಟು ಸೋರುತ್ತಿತ್ತು. ಸೋರಿಕೆ ಮುಚ್ಚೋ ಬದಲು ಹಿಂದಿನ ಚಾನೆಲನ್ನು ಸುಮಾರು 20 ಮಿಲಿಸೆಕೆಂಡ್ ತಡ ಮಾಡಿದರು. ಸೋರಿದ್ದು ಸೋರಿದ ಹಾಗೇ ಇತ್ತು, ಕಿವಿಗೆ ಮಾತ್ರ ಗೊತ್ತಾಗಲಿಲ್ಲ.

ಕಿವಿಗೆ ಮೋಸ ಮಾಡೋ ಈ ಕಲೆಗೆ ದೊಡ್ಡ ಚರಿತ್ರೆಯೇ ಇದೆ. 1881ರಲ್ಲಿ ಪ್ಯಾರಿಸ್‌ನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅದೇರ್ ಎಂಬವರು ಒಪೆರಾ ವೇದಿಕೆಯ ಮೇಲೆ ಟೆಲಿಫೋನ್ ಮೈಕುಗಳನ್ನು ಸಾಲಾಗಿ ಇಟ್ಟರು. ಜನ ದೂರದ ಇನ್ನೊಂದು ಕಟ್ಟಡದಲ್ಲಿ ಎರಡು ಕಿವಿಗೂ ಒಂದೊಂದು ಫೋನಿನ ರಿಸೀವರ್ ಹಿಡಿದು ಕೇಳಿದರು. ಹಾಡುವವರು ವೇದಿಕೆ ಮೇಲೆ ಓಡಾಡೋದು ಕಣ್ಣಿಗೆ ಕಾಣದೆಯೂ ಗೊತ್ತಾಗುತ್ತಿತ್ತು. ಐವತ್ತು ವರ್ಷ ಕಳೆದ ಮೇಲೆ ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲಮ್ಲೈನ್ ತಾವು ಮುಂದೆ ಮದುವೆಯಾದ ಹುಡುಗಿ ಜೊತೆ ಸಿನಿಮಾಗೆ ಹೋಗಿದ್ದರಂತೆ. ಪರದೆಯ ಒಂದು ಬದಿಯಲ್ಲಿ ನಟ, ಇನ್ನೊಂದು ಬದಿಯಿಂದ ಅವನ ದನಿ. ಅವರಿಗೆ ಸಹಿಸಲಾಗಲಿಲ್ಲ. 1931ರ ಡಿಸೆಂಬರಿನಲ್ಲಿ ಸ್ಟಿರಿಯೊ ಪೇಟೆಂಟಿಗೆ ಅರ್ಜಿ ಹಾಕಿದರು. 1942ರಲ್ಲಿ ರಾಡಾರ್ ಪರೀಕ್ಷೆ ನಡೆಯುತ್ತಿದ್ದ ವಿಮಾನ ಬಿದ್ದು ತೀರಿಕೊಂಡಾಗ ಅವರಿಗೆ ವಯಸ್ಸು ಇನ್ನೂ 38.

ಎಲ್ಲಿದ್ದೆ? ಹಾಂ, ಭಾವನ ಹಾಲ್‌ನಲ್ಲಿ. ಯಾವ ಸ್ಪೀಕರ್ ಎಷ್ಟು ದೂರ ಅಂತ ರಿಸೀವರಿಗೆ ಗೊತ್ತಾಗೋದು ಒಂದು ಮೈಕಿನಿಂದ. ರಿಸೀವರ್ ಜೊತೆ ಬರೋ ಪುಟ್ಟ ಮೈಕನ್ನು ಸೋಫಾ ಮೇಲೆ ಕಿವಿಯ ಎತ್ತರಕ್ಕೆ ಇಡಬೇಕು. ಒಂದೊಂದೇ ಸ್ಪೀಕರ್ ‘ವೂಪ್’ ಅನ್ನುತ್ತದೆ, ರಿಸೀವರ್ ದೂರ ಅಳೆದುಕೊಳ್ಳುತ್ತದೆ. ಮೊದಲ ಸಲ ಅಡುಗೆಮನೆಯಲ್ಲಿ ಕುಕ್ಕರ್ ವಿಷಲ್ ಹಾಕಿತು, ಸುತ್ತ ಸದ್ದು ಜಾಸ್ತಿ ಅಂತ ರಿಸೀವರ್ ಮುನಿಸಿಕೊಂಡಿತು. ಎರಡನೇ ಸಲ ಹಿಂದಿನ ಎಡ ಸ್ಪೀಕರಿನ ಫೇಸ್ ತಪ್ಪಿದೆ ಅಂದಿತು, ಅಂದರೆ ಪ್ಲಸ್ ಮೈನಸ್ ತಂತಿ ಎಲ್ಲೋ ತಿರುಗಾಮುರುಗಾ ಆಗಿದೆ ಅಂತ. ಗಡಿಯಾರದ ಪೆನ್ಸಿಲ್ ಸೆಲ್ ಬಿಚ್ಚಿ ತಂದೆ. ಸ್ಪೀಕರಿನ ಕೆಂಪು ತಂತಿಗೆ ಸೆಲ್ಲಿನ ಪ್ಲಸ್ ಮುಟ್ಟಿಸಿದರೆ ಕೋನ್ ‘ಟಪ್’ ಅಂತ ಮುಂದೆ ಬರಬೇಕು. ಬಂತು. ಅಂದರೆ ತಪ್ಪು ರಿಸೀವರಿನ ಹಿಂದೆ. ಅಲ್ಲಿ ಕೆಂಪು ಕಪ್ಪು ಅದಲುಬದಲು ಮಾಡಿದ್ದವನು ನಾನೇ.

ಮೂರನೇ ಸಲ ಎಲ್ಲ ಸರಿಯಾಯಿತು. ಆದರೆ ದಪ್ಪ ಸ್ವರಗಳಿಗೆಂದೇ ಇರೋ ಸ್ಪೀಕರ್, ಸಬ್‌ವೂಫರ್, ಅದರ ದೂರ 4.6 ಮೀಟರ್ ಅಂತ ಬಂತು. ಭಾವ ಟೇಪ್ ಹಿಡಿದು ಅಳೆದರು. ಮೂರೇ ಮೀಟರ್. "ನಿನ್ನ ಯಂತ್ರಕ್ಕೆ ಲೆಕ್ಕ ಬರಲ್ಲ" ಅಂತ ರಿಮೋಟ್ ಎತ್ತಿಕೊಂಡರು. ಕಿತ್ತುಕೊಂಡೆ. ಸಬ್‌ವೂಫರಿನೊಳಗಿನ ಫಿಲ್ಟರುಗಳು ಸದ್ದನ್ನು ಒಂದಷ್ಟು ತಡ ಮಾಡುತ್ತವೆ. ರಿಸೀವರ್ ಅಳೆದದ್ದು ನೆಲದ ದೂರವನ್ನಲ್ಲ, ಕಾಲವನ್ನು. ಅದನ್ನು ‘ತಿದ್ದಿ’ ಕೆಡಿಸಿಕೊಳ್ಳೋ ಮನೆಗಳು ಎಷ್ಟೋ!

ಅಂಗಡಿಯಲ್ಲಿ ರಿಸೀವರ್ ನೋಡುವಾಗ ನಾನು ಕೇಳೋದು ಇದನ್ನೇ: ಈ ಮೈಕಿನ ಅಳತೆ ಎಷ್ಟು ಚೆನ್ನಾಗಿದೆ, ದಪ್ಪ ಸ್ವರಗಳನ್ನೂ ಸರಿಪಡಿಸುತ್ತಾ, ದೂರವನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಬದಲಿಸಬಹುದಾ? ಎರಡು ರಿಸೀವರ್ ಹೋಲಿಸುವಾಗ ಎರಡರ ಸದ್ದೂ ಒಂದೇ ಮಟ್ಟದಲ್ಲಿರಬೇಕು. ಒಂದು ಡೆಸಿಬೆಲ್ ಜೋರಾಗಿದ್ದರೂ ಅದೇ ‘ಚೆನ್ನಾಗಿದೆ’ ಅನ್ನಿಸಿಬಿಡುತ್ತದೆ, ಮಾರುವವರಿಗೆ ಇದು ಗೊತ್ತು. ಟಿವಿಗೂ ರಿಸೀವರಿಗೂ ಜೋಡಿಸೋ ಎಚ್‌ಡಿಎಂಐ ಕೇಬಲ್‌ಗೆ ಚಿನ್ನದ ಲೇಪನ ಇದ್ದರೆ ಸ್ವರ ಮಧುರವಾಗುತ್ತೆ ಅನ್ನೋದು ತಾಯಿತದ ಜಾತಿಯ ನಂಬಿಕೆ. ಅದರಲ್ಲಿ ಹರಿಯೋದು ಸೊನ್ನೆ ಒಂದು ಮಾತ್ರ. ಕಾರವಾರ, ಮಂಗಳೂರಿನ ಉಪ್ಪು ಗಾಳಿಯಲ್ಲಿ ಚಿನ್ನ ತುಕ್ಕು ಹಿಡಿಯಲ್ಲ, ಆ ಮಟ್ಟಿಗೆ ಸರಿ. ಇನ್ನು ಟೈಲ್ಸ್ ನೆಲ, ಬೋಳು ಗೋಡೆಯ ಹಾಲ್‌ನಲ್ಲಿ ಚಪ್ಪಾಳೆ ತಟ್ಟಿ ‘ಝ್ರ್ರ್’ ಅಂದರೆ ಮೊದಲು ಜಮಖಾನ ಹಾಸಿ. ವಿಜಯಪುರದ ಗೋಲ್ ಗುಂಬಜ್‌ನಲ್ಲಿ ಎಂಥ ರಿಸೀವರ್ ಇಟ್ಟರೂ ಡೈಲಾಗ್ ಅರ್ಥವಾಗಲ್ಲ.

ಸಂಜೆ ಭಾವ ಒಂದು ಮಳೆಯ ದೃಶ್ಯ ಹಾಕಿದರು. ವಾಲ್ಯೂಮ್ ಕಮ್ಮಿಯೇ ಇತ್ತು. ಸೋಫಾ ಮೇಲೆ ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅಕ್ಕ ತಟ್ಟೆ ಕೆಳಗಿಟ್ಟು ದಡಬಡ ಎದ್ದಳು. "ಅಯ್ಯೋ, ಮಹಡಿ ಮೇಲೆ ಬಟ್ಟೆ ಒಣಹಾಕಿದೀನಿ ಕಣೋ!"